ಕಡಲಜ್ಜನ ಮುಂದೆ ಹಾಡುವವರು

‘ತಿಮಿಂಗಿಲ’ವೆಂಬುದು ನಾವು ನಿತ್ಯ ಬಳಸುವ ಶಬ್ದವಲ್ಲ. ಆದರೂ ಮಕ್ಕಳಿರುವ ಮನೆಯಲ್ಲಿ ಅದರ ಅರ್ಥವನ್ನು ಹೇಳಬೇಕಾದ ಪ್ರಸಂಗ ವರ್ಷಕ್ಕೊಮ್ಮೆಯಾದರೂ ಒದಗಿ ಬರುತ್ತದೆ. ‘ತಿಮಿ’ ಎಂದರೆ ಒಂದು ಮಹಾಮತ್ಸ್ಯ. ಆ ತಿಮಿಯನ್ನೇ ನುಂಗುವಂಥದು ತಿಮಿಂಗಿಲ. ನಮ್ಮ ಪೂರ್ವಿಕರ ಕಲ್ಪನೆ ಅಷ್ಟಕ್ಕೇ ದಣಿಯಲಿಲ್ಲ. ತಿಮಿಂಗಿಲವನ್ನೂ ನುಂಗಬಲ್ಲ ‘ತಿಮಿಂಗಿಲಗಿಲ’ವೆಂಬ ಮತ್ತೊಂದನ್ನು ಊಹಿಸಿಕೊಂಡು ಅದಕ್ಕೂ ಹೆಸರಿಟ್ಟರು. ಒಟ್ಟಿನಲ್ಲಿ ಈ ಪ್ರಾಣಿಯನ್ನು ನೆನೆದಾಗ ನಮ್ಮವರಿಗೆ ಮೊದಲು ಕಂಡದ್ದು ಅದರ ಬಾಯಿ. ಇಂದಿಗೂ ಸಾರ್ವಜನಿಕರ ಹಣವನ್ನು ನುಂಗಿ ನೀರು ಕುಡಿದ ದೊಡ್ಡ ಮನುಷ್ಯನನ್ನು ಪತ್ರಿಕೆಗಳು ‘ತಿಮಿಂಗಿಲ’ವೆಂದು ಕರೆಯುವಾಗ ಆ ಮೂಕಪ್ರಾಣಿಗೆ ಎಷ್ಟು ಅಪಮಾನವಾಗುತ್ತದೆಂಬುದನ್ನು ಯಾರೂ ಯೋಚಿಸುವುದಿಲ್ಲ.

ಇದೇ ಪ್ರಾಣಿಯನ್ನು ವಿಯೆಟ್ನಾಮಿನ ಬೆಸ್ತರು ‘ಕಾ ಓಂಗ್’ ಎಂದು ಕರೆಯುತ್ತಾರೆ. ‘ಕಾ’ ಎಂದರೆ ಮೀನು. ‘ಓಂಗ್’ ಎಂದರೆ ಅಜ್ಜ. ಮನೆಯ ತಾತನನ್ನೂ ಊರಿನ ಹಿರಿಯರನ್ನೂ ಮರ್ಯಾದೆಯಿಂದ ಸಂಬೋಧಿಸುವ ಪದ ಅದೇ. ಬೆಸ್ತರ ಬಾಯಲ್ಲಿ ಅನೇಕ ವೇಳೆ ಮೀನೆಂಬ ಭಾಗ ಬಿದ್ದುಹೋಗಿ ಬರಿಯ ‘ಓಂಗ್’ ಉಳಿಯುತ್ತದೆ. (ತಿಮಿಂಗಿಲ ಮೀನಲ್ಲ, ಮರಿಗೆ ಹಾಲೂಡುವ ಪ್ರಾಣಿ ಎಂದು ಶಾಲೆಯ ಮಕ್ಕಳು ನಮ್ಮನ್ನು ತಿದ್ದುವುದಕ್ಕೆ ಮುಂಚೆ ನಾವೇ ಹೇಳಿಬಿಡುವುದು ಕ್ಷೇಮ.) ಆ ಅಜ್ಜ ಸತ್ತರೆ ‘ಸತ್ತಿತು’ ಎಂದು ಯಾರೂ ಹೇಳುವಂತಿಲ್ಲ. ಅದಕ್ಕೇ ಮೀಸಲಾದ ಬೇರೊಂದು ಮಾತಿದೆ. ನಾವು ಹಿರಿಯರ ವಿಷಯದಲ್ಲಿ ‘ಕಾಲವಾದರು’, ‘ದೈವಾಧೀನರಾದರು’ ಎನ್ನುವ ಹಾಗೆ.

ಒಂದೇ ಪ್ರಾಣಿ ಒಂದು ಭಾಷೆಯಲ್ಲಿ ಬಾಯಾಗಿಯೂ ಇನ್ನೊಂದು ಭಾಷೆಯಲ್ಲಿ ಅಜ್ಜನಾಗಿಯೂ ಕಾಣಿಸಿಕೊಂಡರೆ ಅದರ ಹಿಂದೆ ಏನೋ ಒಂದು ಕಥೆ ಇರಲೇಬೇಕು. ಈ ವಾರ ಆ ಅಜ್ಜನಿಗಾಗಿ ನಡೆಯುವ ಹಬ್ಬವನ್ನು ಕುರಿತು, ಅದರಲ್ಲಿಯೂ ಆ ಹಬ್ಬದಲ್ಲಿ ಹಾಡುವ, ಬಾರಿಸುವ, ಊದುವ ಜನರನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ವಿಯೆಟ್ನಾಮಿನ ಕಡಲ ತೀರ ಮೂರು ಸಾವಿರದ ಇನ್ನೂರು ಕಿಲೋಮೀಟರಿಗೂ ಮೀರಿದ ಉದ್ದದ್ದು. ಅದರ ಮಧ್ಯಭಾಗದಿಂದ ದಕ್ಷಿಣದ ತುದಿಯವರೆಗೆ ಬೆಸ್ತರ ಊರುಗಳಲ್ಲಿ ತಿಮಿಂಗಿಲದ ಗುಡಿಗಳಿವೆ. ದಕ್ಷಿಣದ ಕನ್ ಯೋ, ವುಂಗ್ ತಾವ್ ಮೊದಲಾದ ಕಡೆಗಳಲ್ಲಿ ಅವರ ಚಾಂದ್ರಮಾನದ ಎಂಟನೆಯ ತಿಂಗಳ ಹುಣ್ಣಿಮೆಯ ಆಸುಪಾಸಿನಲ್ಲಿ ಹಬ್ಬ ನಡೆಯುತ್ತದೆ. ಅದರ ಹೆಸರು ‘ಙಿನ್ ಓಂಗ್’; ಅಂದರೆ ಅಜ್ಜನನ್ನು ಎದುರುಗೊಳ್ಳುವುದು. ಮಧ್ಯ ವಿಯೆಟ್ನಾಮಿನ ದಾ ನಾಂಗ್, ಕ್ವಾಂಗ್ ನಾಮ್ ಸೀಮೆಗಳಲ್ಲಿ ಹೊಸ ವರ್ಷ ಕಳೆದ ಮೇಲೆ, ಮೀನುಗಾರಿಕೆ ಆರಂಭವಾಗುವ ಕಾಲದಲ್ಲಿ ಆಚರಿಸುವುದು ‘ಕೌ ಙು’, ಮೀನಿಗಾಗಿ ಪ್ರಾರ್ಥನೆ. ನಮ್ಮ ವರ್ಣಮಾಲೆಯಲ್ಲಿ ಸಾವಿರಾರು ವರ್ಷಗಳಿಂದ ಮಾಡಲು ಕೆಲಸವಿಲ್ಲದೆ ಕುಳಿತಿದ್ದ ‘ಙ’ಕಾರಕ್ಕೆ ಕೊನೆಗೂ ಒಂದು ಉದ್ಯೋಗ ದೊರೆಯಿತೆಂದು ಕನ್ನಡಿಗರು ಸಂತೋಷಪಡಬಹುದು.

ಹಬ್ಬದ ದಿನ ಬೆಸ್ತರ ದೋಣಿಗಳೆಲ್ಲ ಬಾವುಟ, ಬಣ್ಣದ ಕಾಗದ, ಹೂಗಳಿಂದ ಸಿಂಗಾರಗೊಂಡು ಸಾಲಾಗಿ ಸಮುದ್ರಕ್ಕೆ ಹೊರಡುತ್ತವೆ. ಮುಂದಿನ ದೋಣಿಯಲ್ಲಿ ಪೂಜಾಪೀಠ, ಹಿರಿಯರು, ವಾದ್ಯಗಾರರು. ಹಿಂದೆಲ್ಲ ದೂರದಲ್ಲಿ ತಿಮಿಂಗಿಲವೊಂದು ನೀರಿನ ಚಿಲುಮೆಯನ್ನು ಚಿಮ್ಮಿಸುವುದು ಕಾಣುವವರೆಗೂ ಹೋಗಿ, ಕಂಡೊಡನೆ ಅದನ್ನು ದರ್ಶನವೆಂದು ಭಾವಿಸಿ ಹಿಂದಿರುಗುತ್ತಿದ್ದರೆಂದು ಹೇಳುತ್ತಾರೆ. ಈಗ ಅಜ್ಜನ ದರ್ಶನ ದುರ್ಲಭ. ಹಿರಿಯರು ನಡುನೀರಿನಲ್ಲಿ ಧೂಪ ಹಾಕಿ, ಪ್ರಾರ್ಥನೆ ಸಲ್ಲಿಸಿ, ಆತನನ್ನು ದೋಣಿಗೆ ಬರಮಾಡಿಕೊಂಡಂತೆ ಭಾವಿಸಿ, ವಾದ್ಯಘೋಷದೊಡನೆ ಗುಡಿಗೆ ಕರೆತರುತ್ತಾರೆ.

ಇಷ್ಟೆಲ್ಲ ಏತಕ್ಕೆ? ಬಿರುಗಾಳಿಯಲ್ಲಿ ಸಿಕ್ಕಿಕೊಂಡ ದೋಣಿಯ ಪಕ್ಕಕ್ಕೆ ಬಂದು, ಬೆನ್ನುಕೊಟ್ಟು, ಅದನ್ನು ದಡಕ್ಕೆ ತಲುಪಿಸುವವನು ಓಂಗ್ ಎಂಬುದು ಅವರ ನಂಬಿಕೆ. ಅದಕ್ಕೆ ಮೂರು ಕಥೆಗಳಿವೆ. ಮೊದಲನೆಯದು ಬೌದ್ಧರದು. ಅವಲೋಕಿತೇಶ್ವರನು ಭಾರತದಿಂದ ಹೊರಟು ಚೀನಾ ದೇಶವನ್ನು ಹಾದು ವಿಯೆಟ್ನಾಮನ್ನು ಸೇರುವ ಹೊತ್ತಿಗೆ ಕರುಣಾಮಯಿಯಾದ ಒಬ್ಬ ತಾಯಿಯಾಗಿ ಮಾರ್ಪಟ್ಟಿದ್ದನು. ಆಕೆಯ ಹೆಸರು ಕ್ವಾನ್ ಆಮ್. ಸಮುದ್ರದಲ್ಲಿ ಮುಳುಗಿ ಸಾಯುವವರ ಗೋಳನ್ನು ನೋಡಲಾರದೆ ಆಕೆ ತಾನು ಉಟ್ಟ ಬಟ್ಟೆಯನ್ನು ಹರಿದು ನೀರಿಗೆಸೆದಳಂತೆ. ಒಂದೊಂದು ಚೂರೂ ಒಂದೊಂದು ತಿಮಿಂಗಿಲವಾಯಿತು.

ಎರಡನೆಯದು ಚಾಮ್ ಜನರ ಕಥೆ. ವಿಯೆಟ್ನಾಮೀಯರು ದಕ್ಷಿಣಕ್ಕೆ ಬರುವುದಕ್ಕೆ ಎಷ್ಟೋ ಮೊದಲು ಆ ತೀರವನ್ನು ಆಳಿದವರು ಚಂಪಾ ರಾಜ್ಯದ ಈ ಜನ. ಅವರ ಶಾಸನಗಳಲ್ಲಿ ಸಂಸ್ಕೃತವಿದೆ; ಮಿ ಸೋನ್ ಎಂಬ ಕಣಿವೆಯಲ್ಲಿ ಅವರು ಕಟ್ಟಿಸಿದ ಶಿವಾಲಯಗಳಿವೆ. ನಮ್ಮ ಪುರಾತತ್ತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ನಡೆಸುತ್ತಿದ್ದಾಗ 2020ರಲ್ಲಿ ಒಂಬತ್ತನೆಯ ಶತಮಾನದ ಏಕಶಿಲೆಯ ಲಿಂಗವೊಂದು ನೆಲದೊಳಗಿಂದ ದೊರೆತ ಸುದ್ದಿಯನ್ನು ವಾಚಕರು ಮರೆತಿರಲಾರರು. ಆ ಚಾಮರಿಗೆ ಪೋ ರಿಯಾಕ್ ಎಂಬ ದೇವರಿದ್ದಾನೆ. ಅಲೆಗಳ ಒಡೆಯನೆಂದು ಅರ್ಥ. ಪರದೇಶದಲ್ಲಿ ಮಂತ್ರವಿದ್ಯೆ ಕಲಿಯುತ್ತಿದ್ದ ತರುಣನೊಬ್ಬ ಗುರುವಿನ ಅಪ್ಪಣೆಯಿಲ್ಲದೆ ಊರಿಗೆ ಹೊರಟು, ಶಾಪಕ್ಕೆ ಗುರಿಯಾಗಿ, ಕಡಲಿನಲ್ಲಿ ಮಡಿದು ತಿಮಿಂಗಿಲವಾದನೆಂದು ಅವರು ಹೇಳುತ್ತಾರೆ. ಮನೆ ತಲುಪಲಾಗದೆ ಹೋದವನು ಉಳಿದವರನ್ನು ಮನೆ ತಲುಪಿಸುವ ದೇವರಾದನೆಂಬುದು ಎಂಥ ಮನೋಹರವಾದ ಭಾವನೆ! ವಿಯೆಟ್ನಾಮೀಯರು ತಿಮಿಂಗಿಲದ ಪೂಜೆಯನ್ನು ಕಲಿತದ್ದು ಚಾಮರಿಂದಲೇ ಇರಬೇಕೆಂದು ಅನೇಕ ವಿದ್ವಾಂಸರ ಮತ.

ಮೂರನೆಯದು ರಾಜನ ಕಥೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಶತ್ರುಗಳಿಂದ ತಪ್ಪಿಸಿಕೊಂಡು ಸಮುದ್ರದಲ್ಲಿ ಓಡುತ್ತಿದ್ದ ರಾಜಕುಮಾರ ಙುಯೆನ್ ಆನ್‌ನನ್ನು ಬಿರುಗಾಳಿಯಿಂದ ತಿಮಿಂಗಿಲವೊಂದು ಪಾರುಮಾಡಿತಂತೆ. 1802ರಲ್ಲಿ ಆತ ಜಾ ಲಾಂಗ್ ಎಂಬ ಹೆಸರಿನಿಂದ ಚಕ್ರವರ್ತಿಯಾದ. ಆ ವಂಶದ ಅರಸರು ತಿಮಿಂಗಿಲಕ್ಕೆ ದಕ್ಷಿಣ ಸಮುದ್ರದ ದೇವತೆಯೆಂದು ಬಿರುದುಗಳನ್ನು ದಯಪಾಲಿಸಿ ಸನ್ನದುಗಳನ್ನು ಬರೆಸಿಕೊಟ್ಟರು. ಜನ ಆತನನ್ನು ದಕ್ಷಿಣ ಸಮುದ್ರದ ಸೇನಾಪತಿಯೆಂದೂ ಕರೆಯುತ್ತಾರೆ. ಫಾನ್ ತಿಯೆತ್ ಪಟ್ಟಣದಲ್ಲಿ 1762ರಲ್ಲಿ ಸ್ಥಾಪಿತವಾದ ವಾನ್ ಥುಯ್ ತು ಎಂಬ ಗುಡಿಯಲ್ಲಿ ಅಂಥ ಇಪ್ಪತ್ತಕ್ಕೂ ಹೆಚ್ಚು ಸನ್ನದುಗಳಿವೆ. ಅದೇ ಗುಡಿಯಲ್ಲಿ 22 ಮೀಟರ್ ಉದ್ದದ ಒಂದು ಅಸ್ಥಿಪಂಜರವೂ ಇದೆ. ಬೆಂಗಳೂರಿನ ಎರಡು ಸಿಟಿ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಸುಮಾರು ಅಷ್ಟು ಉದ್ದವಾದೀತು.

ಅಸ್ಥಿಪಂಜರ ಗುಡಿಗೆ ಬರುವ ಬಗೆಯನ್ನು ತಿಳಿಯದೆ ಸಂಗೀತದ ವಿಷಯ ಅರ್ಥವಾಗದು. ಸತ್ತ ತಿಮಿಂಗಿಲ ದಡಕ್ಕೆ ತೇಲಿಬಂದರೆ ಊರಿನಲ್ಲಿ ಸೂತಕ. ಅದನ್ನು ಮೊದಲು ಕಂಡವನು ಆ ಅಜ್ಜನ ಹಿರಿಯ ಮಗನೆಂದು ಲೆಕ್ಕ. ತಲೆಗೆ ಸೂತಕದ ಬಟ್ಟೆ ಕಟ್ಟಿಕೊಂಡು ಉತ್ತರಕ್ರಿಯೆಗಳಿಗೆ ಮುಂದೆ ನಿಲ್ಲುವ ಹೊಣೆ ಅವನದು. ಆತ ಬಡವನಾಗಿರಲಿ, ನಿನ್ನೆ ತಾನೇ ದೋಣಿಯ ಕೆಲಸಕ್ಕೆ ಸೇರಿದವನಾಗಿರಲಿ, ಆ ಸ್ಥಾನವನ್ನು ಊರು ಅಲ್ಲಗಳೆಯುವಂತಿಲ್ಲ. ಶವವನ್ನು ಮರಳಿನಲ್ಲಿ ಹೂಳುತ್ತಾರೆ. ಸುಮಾರು ಮೂರು ವರ್ಷಗಳ ತರುವಾಯ ಮೂಳೆಗಳನ್ನು ತೆಗೆದು, ಮದ್ಯದಿಂದ ತೊಳೆದು, ಗುಡಿಯಲ್ಲಿ ಇರಿಸುತ್ತಾರೆ. ಸಮುದ್ರತೀರದ ಈ ಜನರಿಗೆ ದೇವರೆಂದರೆ ಕಲ್ಲಿನಲ್ಲಿ ಕಡೆದ ಮೂರ್ತಿಯಲ್ಲ. ಒಂದು ದಿನ ಅವರ ಹಾಗೆಯೇ ಉಸಿರಾಡಿಕೊಂಡಿದ್ದು, ಅವರ ಕೈಯಿಂದಲೇ ಮಣ್ಣು ಕಂಡ ಒಂದು ಜೀವ.

ಈ ಶವಸಂಸ್ಕಾರದಲ್ಲಿಯೂ ವಾರ್ಷಿಕ ಹಬ್ಬದಲ್ಲಿಯೂ ಮಧ್ಯ ವಿಯೆಟ್ನಾಮಿನ ಬೆಸ್ತರು ಹಾಡುವ ಹಾಡಿಗೆ ‘ಹಾತ್ ಬಾ ಟ್ರಾವ್’ ಎಂದು ಹೆಸರು. ‘ಹಾತ್’ ಎಂದರೆ ಹಾಡುವುದು, ‘ಬಾ’ ಎಂದರೆ ಹಿಡಿಯುವುದು, ‘ಟ್ರಾವ್’ ಎಂದರೆ ದೋಣಿಯ ಹುಟ್ಟು. ಹುಟ್ಟು ಹಿಡಿದು ಹಾಡುವ ಹಾಡು. ಗುಡಿಯ ಅಂಗಳದಲ್ಲಿ ಹತ್ತು, ಹನ್ನೆರಡು, ಕೆಲವು ಕಡೆ ಹದಿನಾರು ಮಂದಿ ಅಂಬಿಗರು ಒಂದೇ ತೆರನಾದ ಉಡುಪು ತೊಟ್ಟು, ತಲೆಗೆ ವಸ್ತ್ರ ಕಟ್ಟಿ, ಕೈಯಲ್ಲಿ ಬಣ್ಣ ಬಳಿದ ಹುಟ್ಟುಗಳನ್ನು ಹಿಡಿದು ಎರಡು ಸಾಲಾಗಿ ನಿಲ್ಲುತ್ತಾರೆ. ದೋಣಿ ಎಲ್ಲಿ ಎಂದು ಕೇಳಬೇಡಿ. ಎರಡು ಸಾಲುಗಳ ನಡುವಣ ಬರಿಯ ನೆಲವೇ ದೋಣಿ. ಹುಟ್ಟುಗಳೆಲ್ಲ ಒಮ್ಮೆಗೇ ಬಾಗಿ ಒಮ್ಮೆಗೇ ಏಳುವಾಗ ನೋಡುವವನ ಕಣ್ಣಿಗೆ ನೆಲ ತಾನಾಗಿಯೇ ನೀರಾಗುತ್ತದೆ.

ಈ ತಂಡಕ್ಕೆ ಮೂವರು ನಾಯಕರು. ಒಬ್ಬ ದೋಣಿಯ ಮೂತಿಯಲ್ಲಿ ನಿಲ್ಲುವವನು. ಅವರ ಭಾಷೆಯಲ್ಲಿ ಮೂಗಿಗೂ ದೋಣಿಯ ಮುಂಬದಿಗೂ ಒಂದೇ ಪದವಾದ್ದರಿಂದ ಆತನನ್ನು ‘ಮೂಗಿನ ಮುಖಂಡ’ ಎಂದರೂ ತಪ್ಪಾಗದು. ಅವನ ಕೈಯಲ್ಲಿ ಮರದ ತಾಳದ ಹಲಗೆಗಳು. ನಮ್ಮ ದಾಸರ ಚಿಟಿಕೆಯ ಅಣ್ಣನೆನ್ನಬಹುದು. ಹಾಡನ್ನು ಎತ್ತಿಕೊಡುವವನೂ ಅಂಬಿಗರನ್ನು ನಡೆಸುವವನೂ ಅವನೇ. ಹಿಂದುಗಡೆ ಉದ್ದನೆಯ ಹುಟ್ಟನ್ನು ಹಿಡಿದು ಚುಕ್ಕಾಣಿ ನೋಡಿಕೊಳ್ಳುವವನು ಎರಡನೆಯವನು. ನಡುವೆ ಇರುವ ಮೂರನೆಯವನ ಕೆಲಸ ದೋಣಿಯಲ್ಲಿ ತುಂಬುವ ನೀರನ್ನು ಮೊಗೆದು ಹೊರಗೆ ಚೆಲ್ಲುವುದು. ಆದರೆ ಅವನು ಮಾಡುವ ದೊಡ್ಡ ಕೆಲಸ ಜನರನ್ನು ನಗಿಸುವುದು. ಸಾವಿನ ಎದುರಿಗೆ ನಡೆಯುವ ಆಟದಲ್ಲಿಯೂ ವಿದೂಷಕನಿಗೆ ಒಂದು ಸ್ಥಳವನ್ನು ಕಾದಿರಿಸಿದ ಆ ಹಿರಿಯರ ಲೋಕಾನುಭವಕ್ಕೆ ತಲೆಬಾಗಬೇಕು.

ಪಕ್ಕದಲ್ಲಿ ವಾದ್ಯಗಾರರು ಕುಳಿತಿರುತ್ತಾರೆ. ಡೋಲುಗಳುಂಟು. ಎರಡೇ ತಂತಿಗಳ, ಕಮಾನಿನಿಂದ ನುಡಿಸುವ ಒಂದು ಪಿಟೀಲು ಉಂಟು. ನಮ್ಮ ಮುಖವೀಣೆಯಂತೆ ಜೋಡಿ ಸೀಳಿನ ಪೀಪಿಯಿಟ್ಟು ಊದುವ ‘ಕೆನ್’ ಎಂಬ ವಾದ್ಯವುಂಟು. ಬಯಲಿನಲ್ಲಿ, ಗಾಳಿಯಲ್ಲಿ, ಅಲೆಯ ಅಬ್ಬರದ ಮೇಲೆ ಕೇಳಿಸಬೇಕಾದ ನಾದ ಅದರದು. ಪಿಟೀಲು ಅಳುವವರ ಜೊತೆ ಅಳುತ್ತದೆ. ಕೆನ್ ಸತ್ತವನಿಗೆ ದಾರಿ ಬಿಡಿಸುತ್ತದೆ. ಡೋಲು ಹುಟ್ಟುಗಳಿಗೆ ಲೆಕ್ಕ ಹೇಳುತ್ತದೆ. ನಾಯಕನು ಒಂದು ಸಾಲನ್ನು ಹೇಳಿದ ಕೂಡಲೇ ಅಂಬಿಗರೆಲ್ಲ ‘ಹೋ’ ಎಂದು ಅದಕ್ಕೆ ಓಗೊಡುತ್ತಾರೆ. ಭಾರ ಎಳೆಯುವ ನಮ್ಮ ಕೂಲಿಕಾರರ ‘ಐಸಾ’ ಕೇಳಿದವರಿಗೆ ಇದರ ಹುಟ್ಟನ್ನು ವಿವರಿಸಬೇಕಾಗಿಲ್ಲ. ದುಡಿಮೆಯ ಉಸಿರೇ ಇಲ್ಲಿ ಸಂಗೀತವಾಗಿದೆ.

ಹಾಡಿನ ಕಥಾವಸ್ತು ಬಹಳ ಸರಳ. ದೋಣಿ ಹೊರಡುತ್ತದೆ, ಸಮುದ್ರ ಶಾಂತವಾಗಿದೆ, ಬಲೆ ಬೀಸುತ್ತಾರೆ, ನಡುವೆ ವಿದೂಷಕನ ಹಾಸ್ಯ. ಒಮ್ಮಿಂದೊಮ್ಮೆಗೇ ಆಕಾಶ ಕಪ್ಪಾಗುತ್ತದೆ. ತಾಳ ಬಿಗಿಯುತ್ತದೆ, ಹುಟ್ಟುಗಳ ಸಾಲು ಅಸ್ತವ್ಯಸ್ತವಾಗಿ, ಮತ್ತೆ ಕೂಡಿಕೊಂಡು, ಮತ್ತೆ ಒಡೆಯುತ್ತದೆ. ಹಾಸ್ಯಗಾರನೂ ಈಗ ನಿಜವಾಗಿಯೇ ನೀರು ಮೊಗೆಯುತ್ತಾನೆ. ಕೊನೆಗೆ ಅಜ್ಜನ ಕೃಪೆಯಿಂದ ದೋಣಿ ದಡ ಸೇರುತ್ತದೆ. ಆಗ ಅಜ್ಜನ ಗುಣಗಾನ, ನೀರುಪಾಲಾದವರ ಆತ್ಮಕ್ಕೆ ಶಾಂತಿ, ಬರುವ ವರ್ಷದ ಬಲೆಗೆ ಮೀನು ಬೇಡುವ ಪ್ರಾರ್ಥನೆ.

ಸರಳವೆಂದೆನಲ್ಲವೇ? ಕೇಳುವವರಿಗೆ ಅದು ಸರಳವಲ್ಲ. 2006ರ ಮೇ ತಿಂಗಳಿನಲ್ಲಿ ‘ಚಾಂಚು’ ಎಂಬ ಚಂಡಮಾರುತ ದೂರದ ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದ ವಿಯೆಟ್ನಾಮಿನ ದೋಣಿಗಳ ಮೇಲೆರಗಿತು. ಇನ್ನೂರಕ್ಕೂ ಹೆಚ್ಚು ಬೆಸ್ತರು ಸತ್ತರು ಅಥವಾ ಕಾಣೆಯಾದರು. ಅವರಲ್ಲಿ ಬಹುಮಂದಿ ದಾ ನಾಂಗ್, ಕ್ವಾಂಗ್ ನಾಮ್ ಸೀಮೆಯವರು. ಅಂದರೆ ಈ ಹಾಡು ಹುಟ್ಟಿ ಬೆಳೆದ ನೆಲದವರು. ಅನೇಕರ ದೇಹಗಳು ದೊರೆಯಲೇ ಇಲ್ಲ. ದೊರೆಯದ ದೇಹಕ್ಕೆ ಬದಲಾಗಿ ಮಣ್ಣಿನ ಬೊಂಬೆಯನ್ನು ಮಾಡಿ ಹೂಳುವ ಪದ್ಧತಿ ಆ ಕರಾವಳಿಯಲ್ಲಿ ಹಿಂದಿನಿಂದಲೂ ಇದೆ. ಅಂಥ ಗೋರಿಗೆ ‘ಗಾಳಿಯ ಸಮಾಧಿ’ ಎಂದು ಹೆಸರು. ಮಗನಿಗೋ ಗಂಡನಿಗೋ ಗಾಳಿಯ ಸಮಾಧಿಯನ್ನು ಕಟ್ಟಿಸಿದ ಹೆಂಗಸು ಗುಡಿಯ ಅಂಗಳದಲ್ಲಿ ಕುಳಿತು, ಎರಡು ಸಾಲು ಅಂಬಿಗರು ಬಿರುಗಾಳಿಯನ್ನು ಅಭಿನಯಿಸುವುದನ್ನು ನೋಡುವಾಗ ಅವಳ ಪಾಲಿಗೆ ಅದು ಆಟವಾಗಿ ಉಳಿದೀತೇ? ಅಜ್ಜನು ಕೆಲವರನ್ನು ಕಾಪಾಡಿದನು, ಕೆಲವರನ್ನು ಕಾಪಾಡಲಿಲ್ಲ. ಆದರೂ ಅವಳು ಬಂದಿದ್ದಾಳೆ. ಹಾಡಿನಲ್ಲಾದರೂ ಆ ದೋಣಿ ದಡಕ್ಕೆ ಬರುತ್ತದೆಯೆಂಬ ಕಾರಣಕ್ಕಾಗಿಯೇ ಬಂದಿರಬಹುದು.

ದಕ್ಷಿಣದ ಊರುಗಳಲ್ಲಿ ಹಬ್ಬದ ರಾತ್ರಿಗಳಿಗೆ ಇನ್ನೊಂದು ಶೋಭೆಯುಂಟು. ಅದು ‘ಹಾತ್ ಬೋಯ್’ ಎಂಬ ಪುರಾತನ ಗೀತನಾಟಕ. ಮುಖಕ್ಕೆ ದಟ್ಟವಾದ ಬಣ್ಣ, ತಲೆಗೆ ಭಾರಿ ಕಿರೀಟ, ರಾಜರು, ಸೇನಾಪತಿಗಳು, ದ್ರೋಹಿಗಳು. ನಮ್ಮ ಕರಾವಳಿಯ ಯಕ್ಷಗಾನವನ್ನು ಕಂಡವರು ಅಪರಿಚಿತರಂತೆ ಕಣ್ಣುಜ್ಜಿಕೊಳ್ಳಬೇಕಾಗಿಲ್ಲ. ಅಲ್ಲಿ ಒಂದು ವಿಚಿತ್ರವಾದ ಸಂಪ್ರದಾಯವಿದೆ. ನಾಟಕದ ಮರ್ಮವನ್ನು ಬಲ್ಲ ಊರಿನ ಹಿರಿಯರೊಬ್ಬರ ಮುಂದೆ ದೊಡ್ಡದೊಂದು ಡೋಲನ್ನು ಇರಿಸಿರುತ್ತಾರೆ. ನಟನು ಚೆನ್ನಾಗಿ ಹಾಡಿದರೆ ಅವರು ಡೋಲನ್ನು ಬಾರಿಸಿ ಮೆಚ್ಚುಗೆ ಸೂಚಿಸುತ್ತಾರೆ. ತಪ್ಪಿದರೆ ಅದರ ಅಂಚಿಗೆ ‘ಟಕ್’ ಎಂದು ಒಂದೇಟು. ವಿಮರ್ಶಕನು ನಾಳೆಯ ಪತ್ರಿಕೆಗೆ ಕಾಯುವ ಹಾಗಿಲ್ಲ. ಆ ಕ್ಷಣದಲ್ಲಿ, ಸಭೆಯ ಎದುರಿನಲ್ಲಿ, ತಾಳ ತಪ್ಪದೆ ತನ್ನ ಅಭಿಪ್ರಾಯವನ್ನು ಹೇಳಬೇಕು. ನಮ್ಮ ಸಂಗೀತ ಸಭೆಗಳಲ್ಲಿ ಇಂಥದೊಂದು ಡೋಲಿದ್ದಿದ್ದರೆ ಎಷ್ಟು ಮಂದಿ ವಿದ್ವಾಂಸರ, ಅದಕ್ಕಿಂತ ಹೆಚ್ಚಾಗಿ ಎಷ್ಟು ಮಂದಿ ವಿಮರ್ಶಕರ ಬಣ್ಣ ಬಯಲಾಗುತ್ತಿತ್ತೋ!

ನಾಟಕದ ಗುಟ್ಟು ಇನ್ನೊಂದಿದೆ. ರಂಗಸ್ಥಳವನ್ನು ಗುಡಿಯ ಗರ್ಭಗೃಹಕ್ಕೆ ಎದುರಾಗಿ ಕಟ್ಟಿರುತ್ತಾರೆ. ನಟರು ನೋಡುವುದು ದೇವರ ಕಡೆಗೆ. ಊರಿನ ಜನ ಆ ನಡುವೆ ತಮಗೆ ಸಿಕ್ಕಿದಲ್ಲಿ ಕುಳಿತು ನೋಡಿಕೊಳ್ಳಬಹುದು, ಅಷ್ಟೆ; ಆಟ ಅವರಿಗಾಗಿ ಅಲ್ಲ. ಹುಟ್ಟು ಹಿಡಿದು ಹಾಡುವವರ ರೀತಿಯೂ ಅದೇ. ಅವರ ಮುಖ ಪೀಠದ ಕಡೆಗೆ, ಪೀಠದ ಹಿಂದಿರುವ ಮೂಳೆಗಳ ಕಡೆಗೆ. ಚಪ್ಪಾಳೆ ತಟ್ಟಲಾರದ, ‘ಮತ್ತೊಮ್ಮೆ’ ಎಂದು ಕೂಗಲಾರದ ಶ್ರೋತೃವಿಗಾಗಿ ಅವರು ಹಾಡುತ್ತಾರೆ. ನಮ್ಮ ದೇವಸ್ಥಾನಗಳ ಓಲಗದವರನ್ನು ನೆನೆಯಿರಿ. ಬಾಗಿಲು ಹಾಕಿ ಒಳಗೆ ನೈವೇದ್ಯ ನಡೆಯುತ್ತಿರುವಾಗ, ಎದುರಿಗೆ ಒಬ್ಬ ಭಕ್ತನೂ ಇಲ್ಲದ ಸಮಯದಲ್ಲಿಯೂ ಅವರು ಊದುತ್ತಿರುತ್ತಾರೆ. ಅದು ಕಚೇರಿಯಲ್ಲ, ಸಲ್ಲಿಸಬೇಕಾದ ಸೇವೆ. ಬೆಸ್ತರ ಹಾಡು ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಾಡುವವನು ಕೂಲಿಗೆ ಬಂದ ವಾದ್ಯಗಾರನಲ್ಲ. ಆ ಸಮುದ್ರಕ್ಕೇ ಹೋಗಿ ಬಂದು ಬದುಕಿದ ಬೆಸ್ತ. ಉಳಿದ ಪ್ರಾಣಕ್ಕೆ ಪ್ರತಿಯಾಗಿ ಅವನು ತೀರಿಸುತ್ತಿರುವ ಸಾಲ ಅದು.

ಈಗ ಆ ಸಾಲಗಾರರಿಗೆ ಒದಗಿರುವ ಕಷ್ಟವನ್ನೂ ಹೇಳಬೇಕು. ಮೊದಲನೆಯದಾಗಿ ಹುಟ್ಟೇ ಮಾಯವಾಗಿದೆ. ಇಂದಿನ ದೋಣಿಗಳು ಎಂಜಿನಿನ ಬಲದಿಂದ ಓಡುತ್ತವೆ. ಇಪ್ಪತ್ತು ವರ್ಷದ ಬೆಸ್ತ ತರುಣನು ಹುಟ್ಟನ್ನು ಹಿಡಿಯುವುದು ಹಬ್ಬದ ಅಂಗಳದಲ್ಲಿ ಮಾತ್ರ. ತಾತನ ತೋಳಿನಲ್ಲಿ ದುಡಿಮೆಯಾಗಿದ್ದದ್ದು ಮೊಮ್ಮಗನ ತೋಳಿನಲ್ಲಿ ಅಭಿನಯವಾಗಿದೆ. ತಾತನಿಗೆ ತಾಳ ಕಲಿಸಿದ್ದು ನೀರು. ಮೊಮ್ಮಗನಿಗೆ ಕಲಿಸುವವನು ಮೇಷ್ಟ್ರು. ಹಾಡಿನ ಭಾಷೆಯೂ ಹಳೆಯದು, ಪಂಡಿತರ ಪದಗಳಿಂದ ತುಂಬಿದ್ದು. ಇಂದಿನವನು ಅದನ್ನು ಅರ್ಥಮಾಡಿಕೊಂಡು ಹಾಡುವುದಕ್ಕಿಂತ ಬಾಯಿಪಾಠ ಮಾಡಿ ಹಾಡುವುದೇ ಸುಲಭ.

ಎರಡನೆಯದಾಗಿ ಇಂಥ ಹಬ್ಬಗಳನ್ನು ಮೂಢನಂಬಿಕೆಯೆಂದು ಸರಕಾರವೇ ಸಂಶಯದಿಂದ ನೋಡುತ್ತಿದ್ದ ಕಾಲವೊಂದು ಹೋಯಿತು. 1986ರಲ್ಲಿ ಆರಂಭವಾದ ಸುಧಾರಣೆಗಳ ತರುವಾಯ ಗುಡಿಗಳಿಗೂ ಮೇಳಗಳಿಗೂ ಮತ್ತೆ ಜೀವ ಬಂತು. 2013ರಲ್ಲಿ ಕನ್ ಯೋದ ಹಬ್ಬವನ್ನೂ ಕ್ವಾಂಗ್ ನಾಮಿನ ಹುಟ್ಟಿನ ಹಾಡನ್ನೂ ರಾಷ್ಟ್ರದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದರು. ಇದು ಒಳ್ಳೆಯದೇ. ಪಟ್ಟಿಗೆ ಸೇರಿದ ಹಾಡಿಗೆ ಶಾಲೆ ದೊರೆಯುತ್ತದೆ, ಉಡುಪಿಗೆ ಹಣ ದೊರೆಯುತ್ತದೆ, ಹುಡುಗರಿಗೆ ಹೆಮ್ಮೆ ದೊರೆಯುತ್ತದೆ. ಆದರೆ ಪಟ್ಟಿಯ ಬೆನ್ನಿಗೇ ಪ್ರವಾಸಿಗಳು ಬರುತ್ತಾರೆ. ಪ್ರವಾಸಿಗಳ ಬೆನ್ನಿಗೆ ವೇದಿಕೆ, ವಿದ್ಯುದ್ದೀಪ, ಧ್ವನಿವರ್ಧಕಗಳು ಬರುತ್ತವೆ. ವೇದಿಕೆ ಬಂದ ಮೇಲೆ ಹಾಡುವವರು ಜನರ ಕಡೆಗೆ ತಿರುಗಬೇಕಾಗುತ್ತದೆ. ಧ್ವನಿವರ್ಧಕ ಬಂದ ಮೇಲೆ ಎರಡು ತಂತಿಯ ಪಿಟೀಲು ಯಾರ ಕಿವಿಗೂ ಬೀಳುವುದಿಲ್ಲ. ನಮ್ಮ ಊರಿನ ಜಾತ್ರೆ, ಗಣೇಶೋತ್ಸವಗಳನ್ನು ಕಂಡ ವಾಚಕರಿಗೆ ಈ ರೋಗದ ಲಕ್ಷಣಗಳನ್ನು ನಾನು ವಿವರಿಸಬೇಕೇ?

ಹಾಗೆಂದು ಹಳೆಯದೆಲ್ಲ ಹೊನ್ನು, ಹೊಸದೆಲ್ಲ ಮಣ್ಣು ಎಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಕೇಳುವವರಿಲ್ಲದೆ ಹಾಡು ಬದುಕಲಾರದು. ಹೊಟ್ಟೆಗಿಲ್ಲದೆ ಹಾಡುವವನು ಬದುಕಲಾರನು. ದಾ ನಾಂಗಿನ ಹುಡುಗನು ಪ್ರವಾಸಿಗಳ ಮುಂದೆ ಹಾಡಿ ನಾಲ್ಕು ಕಾಸು ಸಂಪಾದಿಸಿದರೆ ಅಜ್ಜನಿಗೆ ಕೋಪ ಬರಲಾರದು. ಆದರೆ ವರ್ಷಕ್ಕೊಂದು ಸಲವಾದರೂ, ಧ್ವನಿವರ್ಧಕವನ್ನು ನಿಲ್ಲಿಸಿ, ಮುಖವನ್ನು ಆ ಮೂಳೆಗಳ ಕಡೆಗೆ ತಿರುಗಿಸಿ ಹಾಡುವ ಕ್ರಮವನ್ನು ಬಿಡದಿದ್ದರೆ ಸಾಕು. ಯಾರಿಗೆ ಹಾಡುತ್ತಿದ್ದೇನೆಂಬುದು ನೆನಪಿರುವವರೆಗೆ ಹಾಡಿಗೆ ಅಪಾಯವಿಲ್ಲ.

ಈ ಕಥೆಗೆ ಒಂದು ಬಾಲವಿದೆ. ಅದು ನಮ್ಮ ಕಡಲಿಗೇ ಸೇರಿದ್ದು. ಮನುಷ್ಯನು ತಿಮಿಂಗಿಲಕ್ಕೆ ಹಾಡುತ್ತಾನೆ, ಸರಿ. ತಿಮಿಂಗಿಲವೂ ಹಾಡುತ್ತದೆಯೆಂಬುದು ಲೋಕಕ್ಕೆ ಚೆನ್ನಾಗಿ ತಿಳಿದದ್ದು 1970ರ ಸುಮಾರಿಗೆ. ಬರ್ಮುಡಾ ದ್ವೀಪದ ಬಳಿ ನೀರಿನೊಳಗೆ ಧ್ವನಿಗ್ರಾಹಕಗಳನ್ನಿಳಿಸಿದ್ದಾಗ ಕೇಳಿಸಿದ ವಿಚಿತ್ರ ನಾದಗಳನ್ನು ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ ಎಂಬವರು ಪರೀಕ್ಷಿಸಿ, ಇವು ಬರಿಯ ಕೂಗುಗಳಲ್ಲ, ಒಂದು ಕ್ರಮದಲ್ಲಿ ಪುನರಾವೃತ್ತಿಯಾಗುವ ಹಾಡುಗಳು ಎಂದು 1971ರಲ್ಲಿ ಪ್ರಕಟಿಸಿದರು. ಗೂನುಬೆನ್ನಿನ ತಿಮಿಂಗಿಲಗಳ ಜಾತಿಯಲ್ಲಿ ಗಂಡುಗಳು ಹೀಗೆ ಹಾಡುತ್ತವೆ. ಒಂದು ಗುಂಪಿಗೆಲ್ಲ ಒಂದೇ ಹಾಡು. ವರ್ಷದಿಂದ ವರ್ಷಕ್ಕೆ ಅದು ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತ ಹೋಗುತ್ತದೆ.

ಈ ಜಾತಿಯ ಒಂದು ಕುಟುಂಬ ನಮ್ಮ ಅರಬ್ಬೀ ಸಮುದ್ರದಲ್ಲಿಯೇ ಇದೆ. ಉಳಿದ ಗೂನುಬೆನ್ನಿನವು ಬೇಸಗೆಯಲ್ಲಿ ಧ್ರುವದ ಕಡೆಗೆ ಆಹಾರಕ್ಕಾಗಿ ವಲಸೆ ಹೋದರೆ ಇವು ಎಲ್ಲಿಗೂ ಹೋಗುವುದಿಲ್ಲ. ಸುಮಾರು 70,000 ವರ್ಷಗಳಿಂದ ಬೇರೆಯವುಗಳ ನಂಟಿಲ್ಲದೆ ಇಲ್ಲೇ ಉಳಿದುಕೊಂಡಿವೆಯೆಂದು ರಕ್ತಸಂಬಂಧದ ಪರೀಕ್ಷೆಯಿಂದ ತಿಳಿದುಬಂದಿದೆ. ಇವುಗಳ ಹಾಡೂ ಹಿಂದೂ ಮಹಾಸಾಗರದ ನೆರೆಯವುಗಳ ಹಾಡಿಗಿಂತ ಭಿನ್ನ. 1965-66ರಲ್ಲಿ ಸೋವಿಯೆತ್ ದೇಶದ ಬೇಟೆಯ ಹಡಗುಗಳು ಒಮಾನ್, ಪಾಕಿಸ್ತಾನ ಮತ್ತು ನಮ್ಮ ವಾಯವ್ಯ ತೀರದಾಚೆ ಕಾನೂನಿಗೆ ವಿರುದ್ಧವಾಗಿ 242 ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದುವು. ಆ ಸಂಗತಿ ಹೊರಬಿದ್ದದ್ದು ಮೂವತ್ತು ವರ್ಷಗಳ ತರುವಾಯ. ಒಮಾನ್ ಕರಾವಳಿಯಲ್ಲಿ ಈಚೆಗೆ ಮಾಡಿದ ಗಣನೆ ನೂರರ ಒಳಗೇ ನಿಂತಿತು. ಆ 242ಕ್ಕೆ ಯಾರೂ ಸೂತಕ ಹಿಡಿಯಲಿಲ್ಲ, ಯಾರೂ ಹಿರಿಯ ಮಗನಾಗಿ ನಿಲ್ಲಲಿಲ್ಲ, ಡೋಲು ಬಾರಿಸಲಿಲ್ಲ. ನಮ್ಮ ಕಡಲಿನಲ್ಲಿ ಅಂಥ ಹಾಡುಗಾರರಿದ್ದರೆಂಬುದೇ ನಮ್ಮಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ.

ನೂಲ ಹುಣ್ಣಿಮೆಯ ಸಮಯದಲ್ಲಿ ನಮ್ಮ ಕರಾವಳಿಯ ಮೊಗವೀರರು ಸಮುದ್ರಕ್ಕೆ ಹಾಲನ್ನೂ ತೆಂಗಿನಕಾಯಿಯನ್ನೂ ಅರ್ಪಿಸುತ್ತಾರೆ. ಕಡಲಿನ ಋಣವನ್ನು ಬಲ್ಲ ಜನ ಅವರು. ಮುಂದಿನ ಸಲ ಆ ಪೂಜೆಯನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋದ ವಾಚಕರು ಆ ನೀರಿನ ಕೆಳಗೆ ಎಲ್ಲೋ ಬಹುದೂರದಲ್ಲಿ ಒಂದು ಹಾಡು ನಡೆದಿರಬಹುದೆಂದು ಅವರಿಗೆ ಹೇಳಲಿ. ಮಕ್ಕಳು ‘ತಿಮಿಂಗಿಲ’ ಎಂದರೇನೆಂದು ಕೇಳಿಯೇ ಕೇಳುತ್ತಾರೆ. ನಿಘಂಟಿನ ಅರ್ಥವನ್ನು ಅವಶ್ಯವಾಗಿ ಹೇಳಿ. ಹೇಳಿದ ಮೇಲೆ, ಇನ್ನೊಂದು ದೇಶದ ಬೆಸ್ತರು ಅದನ್ನು ಅಜ್ಜನೆಂದು ಕರೆಯುತ್ತಾರೆಂಬುದನ್ನೂ ಸೇರಿಸಿ.